ಆಯಿ ರೊಟ್ಟಿ ಬಿಟ್ಟರೆ ಬಾಯಿ ನೋಡಿ

ಮಧ್ಯಾಹ್ನದ ಊಟ ಮುಗಿದಿದೆ. ಎಲ್ಲರ ತಾಟೂ ಬರಿದಾಗಿವೆ. ಆಯಿಯ ತಾಟಿನಲ್ಲಿ ಮಾತ್ರ ಮುಕ್ಕಾಲು ರೊಟ್ಟಿ ಉಳಿದಿದೆ. ಎಣಗಾಯಿಯ ರಸ ಖಾಲಿ, ಸೌತೆಕಾಯಿ ಹೋಳು ಮುಟ್ಟಿಲ್ಲ.

"ಯಾಕ್ರಿ ಅತ್ತಿ, ರೊಟ್ಟಿ ಹಂಗ ಬಿಟ್ಟೀರಿ?"

"ಹಸಿವಿಲ್ಲ ಬಿಡವ್ವಾ. ವಯಸ್ಸಾತು, ಎಷ್ಟಂತ ಉಣ್ಣೂದು."

ಸೊಸೆ ತಾಟು ಎತ್ತುತ್ತಾಳೆ, ಮಾತು ಅಲ್ಲಿಗೆ ಮುಗಿಯುತ್ತದೆ. ಹಸಿವಿಲ್ಲ ಎಂದ ಆಯಿ ಅರ್ಧ ತಾಸಿಗೆ ಚಹಾದಲ್ಲಿ ಬಿಸ್ಕೀಟು ಅದ್ದಿ ತಿನ್ನುತ್ತಿರುತ್ತಾಳೆ. ಅಂದರೆ ಹಸಿವಿದೆ, ಅಗಿಯಲು ಆಗುತ್ತಿಲ್ಲ.

ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ ಕಡೆಯ ಮನೆಗಳಲ್ಲಿ ಹಿರಿಯರ ಬಾಯಿಯ ಕಾಯಿಲೆ ಮೊದಲು ಗೊತ್ತಾಗುವುದು ಹೀಗೆ, ತಾಟಿನಲ್ಲಿ. ಕಟಕ ರೊಟ್ಟಿ ಬಿಟ್ಟು ಬಿಸಿ ರೊಟ್ಟಿಯ ಮೆತ್ತನೆಯ ಭಾಗವನ್ನಷ್ಟೇ ಮುರಿದುಕೊಳ್ಳುವುದು, ಒಂದೇ ದವಡೆಯಲ್ಲಿ ಅಗಿಯುವುದು, ಎಲ್ಲರ ಜೊತೆ ಊಟಕ್ಕೆ ಕೂರದೆ ಹಿಂದೆ ಸರಿಯುವುದು, ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವುದು, ತಣ್ಣೀರು ಕುಡಿದಾಗ ಮುಖ ಕಿವುಚುವುದು. ಇವೆಲ್ಲ ಹೇಳದೆ ಹೇಳುವ ದೂರುಗಳು. ಹಿರಿಯರು ಬಾಯಿಬಿಟ್ಟು ಹೇಳುವುದು ಕಡಿಮೆ. ಮಗನಿಗೆ ಖರ್ಚು ಬರುತ್ತದೆ ಎಂಬ ಅಳುಕು, ಹಲ್ಲು ಕೀಳುತ್ತಾರೆ ಎಂಬ ಹೆದರಿಕೆ, ಇನ್ನೆಷ್ಟು ದಿನ ಎಂಬ ಬೇಸರ ಅವರನ್ನು ತಡೆಯುತ್ತವೆ.

ಮನೆಯವರು ಕಲ್ಲು ಮನಸ್ಸಿನವರು ಎಂದೇನಲ್ಲ. ಆಯಿಗೆ ಬಿಪಿ ಮಾತ್ರೆ ತಪ್ಪಿಸುವುದಿಲ್ಲ, ಕಾಲಿಗೆ ಎಣ್ಣೆ ಹಚ್ಚುತ್ತಾರೆ, ತಲೆ ಬಾಚುತ್ತಾರೆ. ಬಾಯೊಳಗೆ ಮಾತ್ರ ಯಾರೂ ಇಣುಕುವುದಿಲ್ಲ. ಇಣುಕಬೇಕು ಎಂದು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಹೇಗೆ ನೋಡಬೇಕು, ಹೇಗೆ ತಿಕ್ಕಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು ಎಂಬುದನ್ನು ಒಂದು ಸಲ ಕಲಿತರೆ ದಿನಕ್ಕೆ ಐದು ನಿಮಿಷದ ಕೆಲಸ.

ಹಲ್ಲು ಹೋಗುವುದು ವಯಸ್ಸಿನಿಂದಲ್ಲ

"ವಯಸ್ಸಾದ ಮೇಲೆ ಹಲ್ಲು ಬೀಳುವುದೇ" ಎನ್ನುವ ಮಾತು ಈ ಅಲಕ್ಷ್ಯದ ಬೇರು. ಕೂದಲು ಬೆಳ್ಳಗಾಗುವುದು ವಯಸ್ಸಿನಿಂದ. ಹಲ್ಲು ಬೀಳುವುದು ಬಹುಮಟ್ಟಿಗೆ ಎರಡು ರೋಗಗಳಿಂದ: ಒಂದು ಹುಳುಕು, ಇನ್ನೊಂದು ಒಸಡಿನ ರೋಗ. ಎರಡನ್ನೂ ತಡೆಯಬಹುದು. ಜಪಾನ್ ದೇಶ 1989ರಲ್ಲಿ '8020' ಎಂಬ ಆಂದೋಲನ ಶುರುಮಾಡಿತು. 80 ವರ್ಷಕ್ಕೆ ಕನಿಷ್ಠ 20 ಹಲ್ಲು ಉಳಿಸಿಕೊಳ್ಳಿ ಎಂಬುದು ಅದರ ಗುರಿ. 32ರಲ್ಲಿ 20 ಉಳಿದರೆ ಹೆಚ್ಚುಕಡಿಮೆ ಎಲ್ಲ ಊಟವನ್ನೂ ಅಗಿಯಬಹುದು.

ಆದರೆ ಮುಪ್ಪಿನಲ್ಲಿ ಈ ಎರಡು ರೋಗಗಳಿಗೆ ದಾರಿ ಸುಲಭವಾಗುತ್ತದೆ ಎಂಬುದು ನಿಜ. ಅದು ಹೇಗೆಂದು ತಿಳಿದರೆ ಆರೈಕೆಯ ಅರ್ಥವೂ ತಿಳಿಯುತ್ತದೆ.

ಮೊದಲನೆಯದು ಜೊಲ್ಲು. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ಅದು ಅನ್ನದ ಅಗುಳು, ಸಕ್ಕರೆ, ಹುಳಿಯನ್ನು ತೊಳೆಯುತ್ತ ಹಲ್ಲನ್ನು ಕಾಯುತ್ತದೆ. ರಕ್ತದೊತ್ತಡ, ಅಲರ್ಜಿ, ನಿದ್ರೆ, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಬೇಸಿಗೆಯ ಬಿಸಿಲು, ಕಡಿಮೆ ನೀರು ಕುಡಿಯುವ ಅಭ್ಯಾಸವೂ ಸೇರಿಕೊಂಡರೆ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ತೊಳೆಯುವವರಿಲ್ಲದ ಅಂಗಳದಂತೆ ಬಾಯಿ ಕೊಳೆಯುತ್ತದೆ.

ಎರಡನೆಯದು ಹಲ್ಲಿನ ಬೇರು. ಒಸಡು ಕೆಳಗೆ ಸರಿದಾಗ ಬೇರಿನ ಭಾಗ ಹೊರಗೆ ಕಾಣುತ್ತದೆ. ಹಲ್ಲಿನ ತಲೆಯ ಮೇಲಿರುವ ಗಟ್ಟಿ ಹೊದಿಕೆ ಬೇರಿಗೆ ಇರುವುದಿಲ್ಲ. ಸಿಹಿ ಚಹಾ, ಬೆಲ್ಲ, ಬಿಸ್ಕೀಟು ಅಲ್ಲೇ ಕೊರೆಯುತ್ತವೆ. ಬುಡದಲ್ಲಿ ಕೊರೆದ ಹಲ್ಲು ಒಂದು ದಿನ ರೊಟ್ಟಿ ಕಚ್ಚುವಾಗ ಮುರಿದು ಕೈಗೆ ಬರುತ್ತದೆ.

ಮೂರನೆಯದು ಕೈ. ಸಂಧಿವಾತದಿಂದ ಬೆರಳು ಮಡಚದ, ಲಕ್ವಾ ಹೊಡೆದು ಒಂದು ಕೈ ಬಿದ್ದುಹೋದ, ಕಣ್ಣು ಮಂಜಾದ ಹಿರಿಯರಿಗೆ ಒಳಗಿನ ದವಡೆ ಹಲ್ಲಿನವರೆಗೆ ಬ್ರಷ್ ಮುಟ್ಟಿಸುವುದು ಆಗದ ಕೆಲಸ. ಅವರು ತಿಕ್ಕುತ್ತಾರೆ, ಆದರೆ ಮುಂದಿನ ಹಲ್ಲುಗಳನ್ನಷ್ಟೇ.

ನಾಲ್ಕನೆಯದು ತಂಬಾಕು. ಹೊಲ, ಮಗ್ಗ, ಇಳಕಲ್ಲಿನ ಕಲ್ಲುಗಣಿ ಎಲ್ಲೇ ದುಡಿದಿರಲಿ, ಎಲೆ ಅಡಿಕೆ, ಸುಣ್ಣ ತಿಕ್ಕಿದ ತಂಬಾಕು, ಸುಟ್ಟ ತಂಬಾಕಿನ ಮಿಶ್ರಿ ಎಷ್ಟೋ ಹಿರಿಯರ ಬಾಯಲ್ಲಿ ದಶಕಗಳಿಂದ ಕೂತಿವೆ. ಮಿಶ್ರಿಯನ್ನು ಹಲ್ಲುಪುಡಿ ಎಂದೇ ತಿಳಿದವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕನ್ನಷ್ಟೇ ಅಲ್ಲ, ಬರೀ ಅಡಿಕೆಯನ್ನೂ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಹಾಗಾಗಿ ಈ ಭಾಗದಲ್ಲಿ ಹಿರಿಯರ ಬಾಯಿ ನೋಡುವುದೆಂದರೆ ಹಲ್ಲನ್ನು ಮಾತ್ರ ನೋಡುವುದಲ್ಲ, ಕೆನ್ನೆಯ ಒಳಭಾಗವನ್ನೂ ನೋಡುವುದು.

ಬಾಯಿಂದ ಎದೆಗೆ

ಬಾಯಿಯ ಕೊಳೆ ಬಾಯಲ್ಲೇ ಉಳಿಯುವುದಿಲ್ಲ. ಒಸಡಿನ ಸೋಂಕು ಇದ್ದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದು ಕಷ್ಟ. ಸಕ್ಕರೆ ಹೆಚ್ಚಿದ್ದರೆ ಒಸಡು ವಾಸಿಯಾಗುವುದು ಕಷ್ಟ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡಿದರೆ ಅರ್ಧ ಮದ್ದು.

ಹಾಸಿಗೆ ಹಿಡಿದವರಲ್ಲಿ ಅಪಾಯ ಇನ್ನೂ ದೊಡ್ಡದು. ನುಂಗುವ ಶಕ್ತಿ ಕುಗ್ಗಿದಾಗ ಬಾಯಿಯ ರೋಗಾಣು ತುಂಬಿದ ಜೊಲ್ಲು ಗಾಳಿಕೊಳವೆಗೆ ಇಳಿದು ನ್ಯುಮೋನಿಯಾ ಆಗುತ್ತದೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ 417 ಹಿರಿಯರನ್ನು ಎರಡು ವರ್ಷ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಊಟದ ನಂತರ ಆರೈಕೆದಾರರು ಹಲ್ಲು ತಿಕ್ಕಿದ ಗುಂಪಿನಲ್ಲಿ ಶೇ. 11 ಮಂದಿಗೆ ನ್ಯುಮೋನಿಯಾ ಬಂದಿತ್ತು. ಆ ಆರೈಕೆ ಇಲ್ಲದ ಗುಂಪಿನಲ್ಲಿ ಶೇ. 19 ಮಂದಿಗೆ. ದಿನನಿತ್ಯ ತಿಕ್ಕಿದವರು ವೈದ್ಯರಲ್ಲ, ಉಣಿಸಿ ತೊಳೆಯುವ ದಾದಿಯರು, ಆರೈಕೆದಾರರು. ನಮ್ಮ ಮನೆಗಳಲ್ಲಿ ಆ ಜಾಗದಲ್ಲಿರುವವರು ಸೊಸೆ, ಮಗಳು, ಮಗ, ಮೊಮ್ಮಗ.

ವಾರಕ್ಕೊಮ್ಮೆ ಟಾರ್ಚ್ ಹಿಡಿದು

ಮೊದಲು ಕಲಿಯಬೇಕಾದದ್ದು ನೋಡುವುದನ್ನು. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಸೋಮವಾರವೋ, ಸಂತೆಯ ದಿನವೋ, ಮರೆಯದಂಥದ್ದು. ಬೆಳಕಿಗೆ ಮೊಬೈಲಿನ ಟಾರ್ಚ್ ಸಾಕು. ಕೈ ಸೋಪಿನಿಂದ ತೊಳೆದು, ಹಿರಿಯರನ್ನು ಗೋಡೆಗೆ ಒರಗಿ ಕೂರಿಸಿ, ಕಟ್ಟಿಸಿದ ಹಲ್ಲಿನ ಸೆಟ್ಟಿದ್ದರೆ ತೆಗೆಸಿ, "ಬಾಯಿ ತಗೀರಿ, ನೋಡ್ತೀನಿ" ಎಂದು ಹೇಳಿಯೇ ಮುಟ್ಟಿ.

ತುಟಿಯ ಮೂಲೆಯಿಂದ ಶುರುಮಾಡಿ. ಒಡೆದು ಕೆಂಪಾಗಿದೆಯೇ? ತುಟಿ ಎತ್ತಿ ಒಸಡು ನೋಡಿ. ಆರೋಗ್ಯದ ಒಸಡು ಹಲ್ಲಿಗೆ ಬಿಗಿಯಾಗಿ ಅಂಟಿರುತ್ತದೆ. ರೋಗದ ಒಸಡು ಕೆಂಪಾಗಿ ಊದಿ, ಮುಟ್ಟಿದರೆ ರಕ್ತ ಬರುತ್ತದೆ. ಕೆನ್ನೆಯನ್ನು ಬೆರಳಿನಿಂದ ಹೊರಕ್ಕೆ ಎಳೆದು ಒಳಗೋಡೆ ನೋಡಿ. ತಂಬಾಕು ಇಡುವ ಜಾಗವನ್ನು ತಪ್ಪದೆ ನೋಡಿ. ನಾಲಿಗೆ ಹೊರಚಾಚಿಸಿ ಎರಡು ಮಗ್ಗುಲು, ನಂತರ ಎತ್ತಿಸಿ ಅಡಿಭಾಗ, ಕೊನೆಗೆ ಅಂಗುಳ. ಎರಡು ನಿಮಿಷದ ಕೆಲಸ.

ಇಲ್ಲಿ ಒಂದು ಮಾತು. ಹುನಗುಂದ, ಇಳಕಲ್ ಭಾಗದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹಲ್ಲು ರೂಪುಗೊಳ್ಳುವ ಎಳವೆಯಲ್ಲಿ ಅಂಥ ನೀರು ಕುಡಿದವರ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಜೀವನಪೂರ್ತಿ ಉಳಿಯುತ್ತವೆ. ಅದು ಕೊಳೆಯಲ್ಲ, ತಿಕ್ಕಿದರೆ ಹೋಗುವುದಿಲ್ಲ. ಬೂದಿ, ಇದ್ದಿಲು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರೆ ಹಲ್ಲೇ ಸವೆಯುತ್ತದೆ. ಹಾಗೆಂದು ಫ್ಲೋರೈಡ್ ಪೇಸ್ಟಿಗೆ ಹೆದರಬೇಕಾಗಿಲ್ಲ. ದೊಡ್ಡವರಲ್ಲಿ ಹಲ್ಲು ರೂಪುಗೊಂಡು ಮುಗಿದಿರುತ್ತದೆ, ಉಗುಳಿದರೆ ಅಪಾಯವಿಲ್ಲ, ಹುಳುಕು ತಡೆಯಲು ಅದರಷ್ಟು ಅಗ್ಗದ ಮದ್ದಿಲ್ಲ.

ಕೆಳಗಿನವು ಕಂಡರೆ ಮನೆಮದ್ದು ಮಾಡುತ್ತ ಕಾಯಬೇಡಿ, ವೈದ್ಯರಿಗೆ ತೋರಿಸಿ:

• ಎರಡು ವಾರ ಕಳೆದರೂ ಮಾಯದ ಹುಣ್ಣು, ನೋವಿಲ್ಲದಿದ್ದರೂ ಸರಿ.
• ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕೈಗೆ ಹತ್ತುವ ಗಂಟು.
• ಬಾಯಿ ದಿನೇ ದಿನೇ ಕಡಿಮೆ ತೆರೆಯುವುದು, ಖಾರ ತಡೆಯಲಾಗದಿರುವುದು.
• ಗಟ್ಟಿಯಿದ್ದ ಹಲ್ಲು ಏಕಾಏಕಿ ಅಲ್ಲಾಡುವುದು, ಒಸಡಿನಿಂದ ಕೀವು.
• ದವಡೆ ಅಥವಾ ಕುತ್ತಿಗೆ ಊದಿ ಜ್ವರ ಬಂದರೆ, ನುಂಗಲು ಇಲ್ಲವೆ ಉಸಿರಾಡಲು ಕಷ್ಟವಾದರೆ ಅದೇ ದಿನ ಆಸ್ಪತ್ರೆ. ಇದಕ್ಕೆ 108 ಕರೆದರೂ ತಪ್ಪಲ್ಲ.

ತಿಕ್ಕುವ ಕ್ರಮ

ಬೇಕಾದ ಸಾಮಾನು ಕಡಿಮೆ: ಸಣ್ಣ ತಲೆಯ ಮೃದು ಬ್ರಷ್, 1000 ಪಿಪಿಎಂ ಆಸುಪಾಸಿನ ಫ್ಲೋರೈಡ್ ಇರುವ ಪೇಸ್ಟ್, ಒಂದು ಬಟ್ಟಲು, ಒರೆಸಲು ಹಳೆ ಧೋತರದ ಮೆತ್ತನೆ ತುಂಡು. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಬೇವಿನ ಕಡ್ಡಿ, ಜಾಲಿ ಕಡ್ಡಿಗೆ ರೂಢಿಬಿದ್ದ ಮುತ್ಯಾನ ಕೈಯಿಂದ ಅದನ್ನು ಕಸಿಯಬೇಡಿ. ಬೆಳಿಗ್ಗೆ ಕಡ್ಡಿ ಇರಲಿ, ರಾತ್ರಿ ಬ್ರಷ್ ಇರಲಿ. ಎರಡರಲ್ಲಿ ರಾತ್ರಿಯದೇ ಮುಖ್ಯ, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಊರುವುದು ತೀರ ಕಡಿಮೆ. ಊಟದ ಉಳಿಕೆ ರಾತ್ರಿಯಿಡೀ ಹಲ್ಲಿನ ಮೇಲೆ ಕೂರುತ್ತದೆ.

ತಾವೇ ತಿಕ್ಕಬಲ್ಲವರಿಗೆ ಸುಲಭ ಮಾಡಿಕೊಡುವುದೇ ಸಹಾಯ. ಬ್ರಷ್ಷಿನ ಹಿಡಿಕೆ ತೆಳುವಾಗಿ ಬೆರಳಿಗೆ ಸಿಗದಿದ್ದರೆ ಸೈಕಲ್ ಹ್ಯಾಂಡಲ್ಲಿನ ರಬ್ಬರ್ ಹಿಡಿಯನ್ನು ಅದಕ್ಕೆ ತೊಡಿಸಿ, ಇಲ್ಲವೆ ಹಳೆ ಬಟ್ಟೆಯ ಪಟ್ಟಿ ಸುತ್ತಿ ದಾರ ಕಟ್ಟಿ. ನಿಲ್ಲಿಸಿ ತಿಕ್ಕಿಸುವ ಬದಲು ಕಟ್ಟೆಯ ಮೇಲೆ ಕೂರಿಸಿ. ಅವರು ಮುಗಿಸಿದ ಮೇಲೆ ಒಳದವಡೆಯನ್ನು ನೀವೊಮ್ಮೆ ತಿಕ್ಕಿಕೊಡಿ.

ನೀವೇ ತಿಕ್ಕಬೇಕಾದರೆ ಎದುರು ನಿಲ್ಲಬೇಡಿ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಹಿಂದೆ, ಸ್ವಲ್ಪ ಪಕ್ಕಕ್ಕೆ ನಿಂತು, ತಲೆಯನ್ನು ನಿಮ್ಮ ಎದೆಗೆ ಒರಗಿಸಿಕೊಳ್ಳಿ. ಒಂದು ಕೈ ಗದ್ದಕ್ಕೆ, ಇನ್ನೊಂದು ಬ್ರಷ್ಷಿಗೆ. ಹಾಗೆ ಹಿಡಿದರೆ ತಲೆ ಅಲ್ಲಾಡುವುದಿಲ್ಲ, ನಿಮ್ಮ ಕೈಗೂ ಹದ ಸಿಗುತ್ತದೆ. ಬ್ರಷ್ಷನ್ನು ಹಲ್ಲು ಒಸಡು ಸೇರುವ ಗೆರೆಗೆ ಓರೆಯಾಗಿ ಇಟ್ಟು, ಬೀಸದೆ ಒತ್ತದೆ ಸಣ್ಣ ಸಣ್ಣ ಸುತ್ತು ಹಾಕಿ. ಹೊರಮೈ, ಒಳಮೈ, ಅಗಿಯುವ ಮೈ, ಕೊನೆಗೆ ನಾಲಿಗೆ. ಒಂದೇ ಮೂಲೆಯಿಂದ ಶುರುಮಾಡಿ ಒಂದೇ ದಾರಿಯಲ್ಲಿ ಸಾಗಿದರೆ ಯಾವ ಹಲ್ಲೂ ತಪ್ಪುವುದಿಲ್ಲ. ಒಟ್ಟು ಎರಡು ನಿಮಿಷ. ಉಗುಳಿಸಿ, ಆದರೆ ತಂಬಿಗೆಗಟ್ಟಲೆ ನೀರಿನಿಂದ ಮುಕ್ಕಳಿಸಬೇಡಿ. ಸ್ವಲ್ಪ ಪೇಸ್ಟಿನ ಅಂಶ ಹಲ್ಲಿನ ಮೇಲೆ ಉಳಿಯಲಿ.

ಮೊದಲ ದಿನಗಳಲ್ಲಿ ರಕ್ತ ಬಂದರೆ ಬಹಳ ಮನೆಗಳಲ್ಲಿ ಹೆದರಿ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಊದಿದ ಒಸಡು ರಕ್ತ ಸುರಿಸುವುದು ಕೊಳೆ ಕೂತದ್ದರಿಂದ. ಮೃದುವಾಗಿ ತಿಕ್ಕುತ್ತ ಹೋದರೆ ಒಂದೆರಡು ವಾರದಲ್ಲಿ ರಕ್ತ ಕಡಿಮೆಯಾಗುತ್ತದೆ. ಆಗದಿದ್ದರೆ ವೈದ್ಯರಿಗೆ ತೋರಿಸಿ.

ಹಾಸಿಗೆ ಹಿಡಿದವರಿಗೆ ಎರಡು ಎಚ್ಚರ. ಅಂಗಾತ ಮಲಗಿದ್ದಾಗ ಬಾಯಿಗೆ ನೀರು ಹಾಕಲೇಬಾರದು. ದಿಂಬಿಟ್ಟು ಬೆನ್ನನ್ನು ಎತ್ತರಿಸಿ, ಅದಾಗದಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ, ಗದ್ದ ಎದೆಯ ಕಡೆ ಬಾಗಲಿ. ಕೆನ್ನೆಯ ಕೆಳಗೆ ಬಟ್ಟೆ, ಬಟ್ಟಲು ಇರಲಿ. ಬ್ರಷ್ಷನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಝಾಡಿಸಿ, ಪೇಸ್ಟನ್ನು ತೆಳ್ಳಗೆ ಸವರಿ ತಿಕ್ಕಿ, ನೊರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಎರಡನೆಯದು, ಹಲ್ಲಿನ ನಡುವೆ ನಿಮ್ಮ ಬೆರಳು ಇಡಬೇಡಿ. ಕಚ್ಚುವುದು ಬೇಕೆಂದಲ್ಲ, ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಬ್ರಷ್ಷಿನ ಹಿಡಿಕೆಗೆ ದಪ್ಪಗೆ ಬಟ್ಟೆ ಸುತ್ತಿ ದವಡೆಯ ನಡುವೆ ಆಸರೆ ಕೊಡಿ. ಕೊನೆಗೆ ತುಟಿಗೆ ತೆಳ್ಳಗೆ ಕೊಬ್ಬರಿ ಎಣ್ಣೆ. ಎಣ್ಣೆ ತುಟಿಗೆ ಮಾತ್ರ, ಬಾಯೊಳಗೆ ಹುಯ್ಯಬೇಡಿ.

ಹಲ್ಲೇ ಇಲ್ಲದ ಬೊಚ್ಚು ಬಾಯಿಗೂ ಇದು ತಪ್ಪದು. ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಸಡು, ಅಂಗುಳ, ಕೆನ್ನೆ, ನಾಲಿಗೆ ದಿನಕ್ಕೆರಡು ಸಲ ಒರೆಸಿ.

ಮರೆವಿನ ಕಾಯಿಲೆ ಇರುವವರು ಬಾಯಿ ಬಿಗಿಯುತ್ತಾರೆ, ಕೈ ತಳ್ಳುತ್ತಾರೆ, ಕೆಲವೊಮ್ಮೆ ಬೈಯುತ್ತಾರೆ. ಅದು ಹಟವಲ್ಲ, ಏನಾಗುತ್ತಿದೆ ಎಂದು ತಿಳಿಯದ ಹೆದರಿಕೆ. ಬಲವಂತ ಮಾಡಿದರೆ ನಾಳೆ ಇನ್ನೂ ಗಟ್ಟಿ ಬಿಗಿಯುತ್ತಾರೆ. ಅವರು ಶಾಂತವಾಗಿರುವ ಹೊತ್ತು ನೋಡಿ. ಅವರ ಕೈಗೇ ಬ್ರಷ್ ಕೊಟ್ಟು, ಆ ಕೈಯ ಮೇಲೆ ನಿಮ್ಮ ಕೈ ಇಟ್ಟು ಶುರುಮಾಡಿ. ನೀವೂ ಎದುರು ಕೂತು ಹಲ್ಲು ತಿಕ್ಕಿ ತೋರಿಸಿ. ಒಂದೊಂದೇ ಮಾತು ಹೇಳಿ: "ಬಾಯಿ ತಗಿ", "ಉಗುಳು". ಅವರಿಗೆ ಇಷ್ಟದ ಹಾಡೋ ಭಜನೆಯೋ ಕೇಳಿಸುತ್ತಿರಲಿ. ಇವತ್ತು ಮುಂದಿನ ಹಲ್ಲಷ್ಟೇ ಆಯಿತೇ, ಆಗಲಿ. ಅರ್ಧ ತಾಸು ಬಿಟ್ಟು ಮತ್ತೆ ನೋಡಿ.

ಕಟ್ಟಿಸಿದ ಹಲ್ಲಿನ ಪಾಡು

ಹಲ್ಲಿನ ಸೆಟ್ಟು ಕಟ್ಟಿಸಿದ ಮೇಲೆ ಇನ್ನು ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. ತಿಂಗಳುಗಟ್ಟಲೆ ತೆಗೆಯದೆ ಅದರಲ್ಲೇ ಮಲಗುವವರಿದ್ದಾರೆ. ಸೆಟ್ಟಿನ ಕೆಳಗೆ ಗಾಳಿ ಬೆಳಕಿಲ್ಲದೆ ಬೂಸ್ಟಿನಂಥ ಸೋಂಕು ಬೆಳೆದು ಅಂಗುಳ ಕೆಂಪಾಗುತ್ತದೆ. ಜಪಾನಿನಲ್ಲಿ 85 ದಾಟಿದ 524 ಹಿರಿಯರನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾದ ಅಪಾಯ ಎರಡು ಪಟ್ಟಿಗೂ ಹೆಚ್ಚು ಎಂದು ಕಂಡುಬಂತು.

ರಾತ್ರಿ ಸೆಟ್ಟು ತೆಗೆಸಿ. ತೊಳೆಯುವಾಗ ಕೆಳಗೆ ನೀರು ತುಂಬಿದ ಬುಟ್ಟಿಯೋ ಮಡಚಿದ ಬಟ್ಟೆಯೋ ಇರಲಿ, ಬಂಡೆಯ ಮೇಲೆ ಬಿದ್ದರೆ ಒಡೆಯುತ್ತದೆ. ಬೇರೆ ಬ್ರಷ್, ಸಾದಾ ಸೋಪು ಸಾಕು. ಪೇಸ್ಟ್ ಬೇಡ, ಅದರ ಒರಟು ಕಣ ಸೆಟ್ಟಿನ ಮೈ ಗೀರುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಕುದಿನೀರಿಗೆ ಹಾಕಿದರೆ ಆಕಾರ ಕೆಡುತ್ತದೆ. ತೊಳೆದು, ಮುಚ್ಚಳದ ಡಬ್ಬಿಯಲ್ಲಿ ತಣ್ಣೀರಿನಲ್ಲಿ ಮುಳುಗಿಸಿಡಿ. ಕಾಗದದಲ್ಲಿ ಸುತ್ತಿ ದಿಂಬಿನಡಿ ಇಟ್ಟ ಸೆಟ್ಟು ಕಸದ ಬುಟ್ಟಿ ಸೇರಿದ್ದು ಎಷ್ಟೋ.

ಸಡಿಲಾದರೆ ದಾರ ಸುತ್ತುವುದು, ಚಾಕುವಿನಿಂದ ಕೆರೆಯುವುದು, ಮುರಿದರೆ ಫೆವಿಕ್ವಿಕ್ ಹಾಕುವುದು ಬೇಡ. ದವಡೆಯ ಎಲುಬು ವರ್ಷ ಕಳೆದಂತೆ ಕರಗುತ್ತದೆ, ಸೆಟ್ಟು ಸಡಿಲಾಗುವುದು ಅದಕ್ಕೇ. ವೈದ್ಯರು ಒಳಗೆ ಹೊಸ ಪದರ ಹಾಕಿ ಕೂರಿಸಿಕೊಡುತ್ತಾರೆ. ವರ್ಷಕ್ಕೊಮ್ಮೆ ತೋರಿಸಿ.

ತಾಟಿನಲ್ಲಿ ಏನಿರಲಿ

ಅಗಿಯಲಾಗದವರಿಗೆ ಮೃದು ಊಟ ಬೇಕು, ಆದರೆ ಚಹಾ ಬಿಸ್ಕೀಟು ಊಟವಲ್ಲ. ದಿನಕ್ಕೆ ಐದಾರು ಸಲ ಸಿಹಿ ಚಹಾ ಕುಡಿದರೆ ಅಷ್ಟು ಸಲ ಹಲ್ಲಿನ ಬೇರು ಹುಳಿಯಲ್ಲಿ ನೆನೆದಂತೆ. ಸಿಹಿ ತಿನ್ನುವುದಿದ್ದರೆ ಊಟದ ಜೊತೆಗೇ ತಿನ್ನಲಿ, ನಡುನಡುವೆ ಬೇಡ.

ನಮ್ಮ ಅಡುಗೆಮನೆಯಲ್ಲೇ ಹಾದಿಯಿದೆ. ರೊಟ್ಟಿಯನ್ನು ಮುರಿದು ಬೇಳೆ ಸಾರಿನಲ್ಲಿ ನೆನೆಸಿ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ. ಹೆಸರುಬೇಳೆ ಹಾಕಿದ ಮುದ್ದಿಪಲ್ಯ, ಝುಣಕ, ಮೊಸರು, ಮಾಗಿದ ಬಾಳೆ, ಮೊಟ್ಟೆ ತಿನ್ನುವವರಿಗೆ ಬೇಯಿಸಿದ ಮೊಟ್ಟೆ ಇವೆಲ್ಲ ಹಲ್ಲಿಲ್ಲದ ಬಾಯಿಗೂ ಬಲ ಕೊಡುತ್ತವೆ. ಶೇಂಗಾ ಕಾಳಿನ ಬದಲು ನುಣ್ಣಗೆ ಕುಟ್ಟಿದ ಶೇಂಗಾ ಹಿಂಡಿಯನ್ನು ಮೊಸರಿನಲ್ಲಿ ಕಲಸಿ ಕೊಡಿ. ಅಮೀನಗಡದ ಕರದಂಟು ಆಯಿಗೆ ಪ್ರೀತಿಯೆಂದು ಜಾತ್ರೆಯಿಂದ ತಂದಿರಾದರೆ ಚಿಕ್ಕ ಚೂರು ಮಾಡಿ ಕೊಡಿ. ಅಂಟು ಬೆಲ್ಲ ಅಲ್ಲಾಡುವ ಹಲ್ಲನ್ನೂ ಸೆಟ್ಟನ್ನೂ ಹಿಡಿದೆಳೆಯುತ್ತದೆ. ತಿಂದ ಮೇಲೆ ಬಾಯಿ ಮುಕ್ಕಳಿಸಲಿ. ಬಾಯಿ ಒಣಗುವವರಿಗೆ ಗುಟುಕು ಗುಟುಕಾಗಿ ನೀರು ಕೊಡುತ್ತಿರಿ, ಪಕ್ಕದಲ್ಲಿ ತಂಬಿಗೆ ಇರಲಿ.

ಹಲ್ಲುನೋವು ಬಂದಾಗ ತಂಬಾಕು ಒತ್ತುವುದು, ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲೆ ಇಡುವುದು, ಸೀಮೆಎಣ್ಣೆ ಹಚ್ಚುವುದು ಒಸಡನ್ನು ಸುಡುತ್ತವೆ. ಲವಂಗದ ಎಣ್ಣೆಯನ್ನು ಹನಿಯಾಗಿ ಸುರಿದರೂ ಸುಡುತ್ತದೆ. ನೋವಿನ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ದಿನಗಟ್ಟಲೆ ನುಂಗಿಸಿದರೆ ಕಿಡ್ನಿಗೆ ಪೆಟ್ಟು. ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸುವುದೊಂದೇ ಅಪಾಯವಿಲ್ಲದ ಮನೆಮದ್ದು, ಅದೂ ಆಸ್ಪತ್ರೆಗೆ ಹೋಗುವವರೆಗೆ.

ಎಲ್ಲಿಗೆ ಹೋಗಬೇಕು

ಮೊದಲ ಬಾಗಿಲು ಊರಿನ ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರ. 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಸಕ್ಕರೆಯ ಜೊತೆ ಬಾಯಿ ಕ್ಯಾನ್ಸರಿನ ತಪಾಸಣೆಯೂ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಬಾಯಿ ಆರೋಗ್ಯ, ಹಿರಿಯರ ಆರೈಕೆ ಎರಡೂ 2018ರಿಂದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ (ಈಗಿನ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ) ಸೇವಾಪಟ್ಟಿಯಲ್ಲಿವೆ. ಕೇಳಿದವರಿಗೆ ಸಿಗುತ್ತದೆ, ಆದ್ದರಿಂದ ಕೇಳಿ.

ಮುಂದಿನ ಬಾಗಿಲು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗ. ಅದಕ್ಕೂ ಮೇಲಿನ ಚಿಕಿತ್ಸೆಗೆ ಬಾಗಲಕೋಟೆಯ ನವನಗರವಿದೆ. ಅಲ್ಲಿ ಜಿಲ್ಲಾ ಆಸ್ಪತ್ರೆಯೂ ಇದೆ, ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯ ಮತ್ತು ಆಸ್ಪತ್ರೆಯೂ ಇದೆ. ದಂತ ಕಾಲೇಜುಗಳಲ್ಲಿ ಅಧ್ಯಾಪಕರ ಕಣ್ಣಳತೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುವುದರಿಂದ ಸಮಯ ಹೆಚ್ಚು ಹಿಡಿಯುತ್ತದೆ, ಖರ್ಚು ಕಡಿಮೆ ಬರುತ್ತದೆ.

ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಿಸಲು ಕರ್ನಾಟಕ ಸರ್ಕಾರ 2014ರಲ್ಲಿ 'ದಂತ ಭಾಗ್ಯ' ಯೋಜನೆ ಆರಂಭಿಸಿತು. ದಂತ ಕಾಲೇಜುಗಳ ಮೂಲಕ ಅದು ನಡೆಯುತ್ತದೆ. ಮೊದಲಿಗೆ 60 ದಾಟಿದವರಿಗೆಂದು ಶುರುವಾದದ್ದು. ಈಗಿನ ವಯಸ್ಸಿನ ಮಿತಿ, ಬೇಕಾದ ಕಾಗದಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡೇ ಹೊರಡಿ. ಪೂರ್ತಿ ಸೆಟ್ಟಿಗೆ ಅಳತೆ, ಕಚ್ಚಿಸಿ ನೋಡುವುದು, ಕೂರಿಸುವುದು, ಆಮೇಲೆ ಒತ್ತುವ ಕಡೆ ಸರಿಪಡಿಸುವುದು ಎಂದು ನಾಲ್ಕೈದು ಸಲ ಓಡಾಟವಿದೆ. ಹಲ್ಲು ಕಿತ್ತಿದ್ದರೆ ಒಸಡು ಮಾಯಲು ಅದಕ್ಕೂ ಮೊದಲು ವಾರಗಟ್ಟಲೆ ಕಾಯಬೇಕು. ದುಡಿಯಲು ಹೊರಗೆ ಹೋದ ಮಗ ಊರಿನಲ್ಲಿರುವ ದಿನಗಳನ್ನು ಲೆಕ್ಕ ಹಾಕಿ ಹೊರಡುವುದು ಲೇಸು.

ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ, ಎಲುಬಿನ ಸವೆತಕ್ಕೆ ಕೊಡುವ ಮಾತ್ರೆ ಅಥವಾ ಇಂಜೆಕ್ಷನ್ ಇದ್ದರೆ ಹಲ್ಲು ಕೀಳುವ ಮೊದಲು ವೈದ್ಯರಿಗೆ ಹೇಳಲೇಬೇಕು. ರಕ್ತದ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯವರನ್ನು ಉಪವಾಸ ಕರೆದೊಯ್ಯಬೇಡಿ, ತಿಂಡಿ ಮಾತ್ರೆ ಮುಗಿಸಿ ಬೆಳಗಿನ ಹೊತ್ತಿಗೇ ಹೋಗಿ.

ಯಾರು ಮಾಡಬೇಕು

ಇದು ಲೇಖನದ ಕಷ್ಟದ ಭಾಗ. "ಮನೆಯವರು" ಎಂದರೆ ನಮ್ಮಲ್ಲಿ ಬಹಳ ಸಲ ಸೊಸೆ ಎಂದೇ ಅರ್ಥ. ಅವಳಿಗೆ ರೊಟ್ಟಿ ಬಡಿಯುವುದಿದೆ, ಹೊಲಕ್ಕೆ ಹೋಗುವುದಿದೆ, ಮಕ್ಕಳಿವೆ. ಅದರ ಮೇಲೆ ಇದನ್ನೂ ಹೊರಿಸಿದರೆ ಒಂದು ವಾರ ನಡೆದೀತು, ಆಮೇಲೆ ನಿಂತುಹೋಗುತ್ತದೆ. ಮಾವನ ಎದುರು ಸೆರಗು ಹೊದ್ದು ಓಡಾಡುವ ಸೊಸೆಗೆ ಅವರ ಬಾಯಿಗೆ ಕೈ ಹಾಕುವುದು ಮುಜುಗರ, ಮಾವನಿಗೆ ಇನ್ನೂ ಮುಜುಗರ. ಹಾಗಾಗಿ ಪಾಲು ಮಾಡಿಕೊಳ್ಳಿ. ಮುತ್ಯಾನ ಬಾಯಿ ಮಗ ಅಥವಾ ಮೊಮ್ಮಗನ ಪಾಲು. ಆಯಿಯದು ಮಗಳು, ಸೊಸೆ, ಮೊಮ್ಮಗಳದು. ವಾರದ ಟಾರ್ಚ್ ತಪಾಸಣೆ ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೆ ಕೊಡಿ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವಂತೆ ಒಂದು ಗುರುತು ಹಾಕಲಿ. ಊರಲ್ಲಿ ಸ್ತ್ರೀಶಕ್ತಿ ಸಂಘವಿದ್ದರೆ ಒಂದು ಸಭೆಗೆ ಆಶಾ ಅಥವಾ ದಂತ ಕಾಲೇಜಿನವರನ್ನು ಕರೆದು, ಒಬ್ಬ ಅಜ್ಜಿಯನ್ನೇ ಕೂರಿಸಿ ತಿಕ್ಕಿ ತೋರಿಸಲು ಹೇಳಿ. ಕೇಳಿ ಕಲಿತದ್ದಕ್ಕಿಂತ ಕಣ್ಣಾರೆ ಕಂಡು ಕೈಯಾರೆ ಮಾಡಿದ್ದು ನಿಲ್ಲುತ್ತದೆ.

ಇನ್ನು ಗುಳೆ ಹೋದ ಮನೆಗಳು. ಬಾದಾಮಿ, ಹುನಗುಂದದ ಎಷ್ಟೋ ಹಳ್ಳಿಗಳಿಂದ ದುಡಿಯುವ ಕೈಗಳು ಗೋವಾ, ಮಂಗಳೂರು, ಬೆಂಗಳೂರಿಗೆ ಹೋಗುತ್ತವೆ. ಹಿಂದೆ ಉಳಿಯುವುದು ಆಯಿ ಮುತ್ಯಾ, ಕೆಲವು ಕಡೆ ಮೊಮ್ಮಕ್ಕಳು. ಅಂಥವರು ಹೋಗುವ ಮೊದಲು ಮೂರು ಕೆಲಸ ಮಾಡಲಿ: ದಂತ ವೈದ್ಯರಿಗೆ ಒಮ್ಮೆ ತೋರಿಸುವುದು, ನಾಲ್ಕು ತಿಂಗಳಿಗಾಗುವಷ್ಟು ಪೇಸ್ಟು, ಒಂದೆರಡು ಹೆಚ್ಚಿನ ಬ್ರಷ್ಷು ತಂದಿಡುವುದು, ನೆರೆಮನೆಯ ಒಬ್ಬರಿಗೆ ಈ ಕೆಲಸ ತೋರಿಸಿಕೊಟ್ಟು ಹೋಗುವುದು. ಫೋನಿನಲ್ಲಿ "ಉಂಡಿಯೇನವ್ವಾ?" ಎಂದಷ್ಟೇ ಕೇಳಬೇಡಿ. "ಏನು ಉಂಡಿ? ರೊಟ್ಟಿ ಅಗಿಯಾಕ ಬರತೈತೇನು?" ಎಂದು ಕೇಳಿ.

ಅಲಕ್ಷ್ಯ ತಿಳಿಯದೆ ಆದದ್ದಲ್ಲ, ಬೇಕೆಂದೇ ಹಿರಿಯರನ್ನು ಕೈಬಿಟ್ಟಿದ್ದಾರೆ ಎಂಬ ಮನೆಗಳೂ ಇವೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆಯಲ್ಲಿ ನಿರ್ವಹಣೆ ಎಂಬ ಮಾತಿಗೆ ಅನ್ನ, ಬಟ್ಟೆ, ವಸತಿಯ ಜೊತೆ ವೈದ್ಯಕೀಯ ಆರೈಕೆಯೂ ಸೇರಿದೆ. ಹಿರಿಯರ ಸಹಾಯವಾಣಿ 14567ಕ್ಕೆ ನೆರೆಯವರೂ ಕರೆ ಮಾಡಬಹುದು.

ಆದರೆ ಹೆಚ್ಚಿನ ಮನೆಗಳಿಗೆ ಕಾಯ್ದೆ ಬೇಕಿಲ್ಲ, ಒಂದು ಶುರುವಾತು ಬೇಕು. ಇವತ್ತು ರಾತ್ರಿ ಊಟವಾದ ಮೇಲೆ ಮೊಬೈಲಿನ ಟಾರ್ಚ್ ಹಚ್ಚಿ ಆಯಿಯ ಪಕ್ಕ ಕೂತು "ಬಾಯಿ ತಗೀ ನೋಡೂಣು" ಎನ್ನಿ. ಮೊದಲ ದಿನ ನಾಚುತ್ತಾಳೆ, ಸೆರಗು ಅಡ್ಡ ಹಿಡಿಯುತ್ತಾಳೆ. ಬಿಡಬೇಡಿ, ನಾಳೆ ಮತ್ತೆ ಕೇಳಿ.